ರಕ್ತದ ಕ್ಯಾನ್ಸರಿನಿಂದ ಪಾರಾದ ಮಗುವಿನ ಬಾಳು

ಮಕ್ಕಳ ರಕ್ತದ ಕ್ಯಾನ್ಸರೆಂದರೆ ಮರಣವೇ ಎಂಬ ಕಾಲವೊಂದಿತ್ತು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್, ತೆಲುಗು ನಾಡಿನವರಾದ ಯಲ್ಲಾಪ್ರಗಡ ಸುಬ್ಬರಾವ್ ಅವರ ಸಂಶೋಧನಾಲಯವು ಒದಗಿಸಿದ ಅಮಿನಾಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳಲ್ಲಿ ಆ ವ್ಯಾಧಿಯನ್ನು ಅಲ್ಪಕಾಲ ತಡೆದು ತೋರಿಸಿದರು; ಇಂದು ಸಂಪನ್ನ ದೇಶಗಳಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 85ಕ್ಕೂ ಮಿಕ್ಕಿ ಬದುಕುಳಿಯುತ್ತಾರೆ. ನಮ್ಮಲ್ಲಿ ಆ ಪ್ರಮಾಣ ಇನ್ನೂ ಕಡಿಮೆ.

ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಲ್ಲೋ ಶಹಾಬಾದಿನಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಅಥವಾ ಮುಂಬಯಿಯ ಟಾಟಾ ಆಸ್ಪತ್ರೆಗೆ, ಸೇಡಂ ಕಡೆಯವರಾದರೆ ಹೈದರಾಬಾದಿಗೆ, ರೈಲೇ ಕಾಣದ ಚಿಂಚೋಳಿಯವರಾದರೆ ಮೊದಲು ಬಸ್ಸು ಹಿಡಿದು, ಎರಡು ಮೂರು ವರ್ಷ ಅಲೆದ ಕುಟುಂಬವು ಕೊನೆಯ ಗುಳಿಗೆ ಮುಗಿದಂದು ‘ಹುಡುಗ ಆರಾಮ ಆಗ್ಯಾನ’ ಎಂದು ನಿಟ್ಟುಸಿರು ಬಿಡುವುದು ಸಹಜವೇ ಸರಿ. ಆದರೆ ವಿನ್‌ಕ್ರಿಸ್ಟಿನ್ ಔಷಧವು ನರಗಳನ್ನು ಕುಗ್ಗಿಸಿದ್ದರೆ, ಆ ಹುಡುಗನಿಗೆ ಅಂಗಿಯ ಗುಂಡಿ ಹಾಕುವುದೇ ಒಂದು ಕಾರ್ಯವಾಗುತ್ತದೆ. ಕಾಲಿನ ಚಪ್ಪಲಿ ಜಾರಿದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಅರಿವಿಗೆ ಬರುತ್ತದೆ. ಹಲಗೆಯ ಮೇಲಿನ ಪಾಠವನ್ನು ಅವನು ಅರ್ಧ ಬರೆಯುವಷ್ಟರಲ್ಲಿ ಗುರುಗಳು ಅಳಿಸಿಬಿಟ್ಟಿರುತ್ತಾರೆ. ಈ ದೌರ್ಬಲ್ಯವು ಬಹುಮಟ್ಟಿಗೆ ಕಾಲಕ್ರಮದಲ್ಲಿ ಇಳಿಯತಕ್ಕದ್ದು. ಆದರೆ ಸ್ಟೀರಾಯ್ಡಿನಿಂದ ಸೊಂಟದ ಕೀಲಿನ ಎಲುಬು ಹಾಳಾಗುವುದು, ಮಿದುಳಿಗೆ ವಿಕಿರಣ ಕೊಟ್ಟುದರಿಂದ ಗ್ರಹಣಶಕ್ತಿಯೂ ಬೆಳವಣಿಗೆಯೂ ಕುಂಠಿತವಾಗುವುದು, ಡಾನೋರುಬಿಸಿನ್ ವರ್ಗದ ಔಷಧಗಳಿಂದ ಹೃದಯದ ಬಲ ತಗ್ಗುವುದು, ಇವು ವರ್ಷಗಳ ನಂತರವೂ ತಲೆದೋರಬಹುದು. ಟಾಟಾ ಆಸ್ಪತ್ರೆಯು ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ಕು ತೆರೆದುದು ಇದಕ್ಕಾಗಿಯೇ.

ಜೀವನದ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಗಳು ದೇಹ, ಮನಸ್ಸು, ಗೆಳೆತನ, ಶಾಲೆ ಈ ನಾಲ್ಕನ್ನೂ ಕೇಳುತ್ತವೆ. ಹೆತ್ತವರ ಉತ್ತರಕ್ಕೂ ಮಗುವಿನ ಉತ್ತರಕ್ಕೂ ಅಂತರ ಬೀಳುವುದರಿಂದ ಮಗುವನ್ನೇ ಕೇಳುವುದು ನ್ಯಾಯ. ನಾನು ಕಂಡಂತೆ ಹೆಚ್ಚು ನೋಯಿಸುವುದು ಔಷಧವಲ್ಲ, ಶಾಲೆ: ಎರಡು ವರ್ಷ ಕಿರಿಯರ ಜೊತೆ ಕೂರುವ ಸಂಕೋಚ, ಅಂಟುರೋಗವಲ್ಲದಿದ್ದರೂ ಪಕ್ಕದಲ್ಲಿ ಕೂರಲೊಲ್ಲದ ಸಹಪಾಠಿಗಳು, ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕಾದೀತೆಂದು ರೋಗವನ್ನೇ ಮುಚ್ಚಿಡುವ ಮನೆ. ಹೀಗೆ ಮುಚ್ಚಿಟ್ಟರೆ ಚಿತ್ತಾಪುರದ ವೈದ್ಯರಿಗೂ ಆ ಪೂರ್ವೇತಿಹಾಸ ತಿಳಿಯದು.

ಆದಕಾರಣ ತಂದೆತಾಯಂದಿರಲ್ಲಿ ವಿನಂತಿ: ಯಾವ ಔಷಧವನ್ನು ಎಷ್ಟು ಕೊಟ್ಟರು, ವಿಕಿರಣ ಕೊಟ್ಟರೋ ಇಲ್ಲವೋ ಎಂಬುದನ್ನು ಆಸ್ಪತ್ರೆಯಿಂದ ಬರೆಸಿಕೊಂಡು, ಆ ಫೈಲನ್ನು ಜಮೀನಿನ ಪಹಣಿಯ ಜೊತೆಗೇ ಜೋಪಾನವಾಗಿಡಿ; ಕರೆದ ತಾರೀಖಿಗೆ ತಪಾಸಣೆಗೆ ಹೋಗಿ. ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ಕೊಡುವ ರಿಯಾಯಿತಿಯು ತಪಾಸಣೆಯ ಪ್ರಯಾಣಕ್ಕೂ ಉಂಟು.