299 ಇಮೇಲು, 1,791 ಕೋಟಿ ಸೇತುವೆ

ಅಂಗಡಿಗೆ ಹೊಸ ಷಟರ್ ಹಾಕಿಸಬೇಕಾದರೆ ನಾವು ನೀವು ಏನು ಮಾಡ್ತೀವಿ? ಮೂರು ಕಡೆ ರೇಟು ಕೇಳ್ತೀವಿ, ಮನೆಯಲ್ಲಿ ಮಾತಾಡ್ತೀವಿ, ಆಮೇಲೆ ಅಡ್ವಾನ್ಸ್ ಕೊಡ್ತೀವಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿ.ಡಿ.ಎ., 2016ರಲ್ಲಿ 1,791 ಕೋಟಿ ರೂಪಾಯಿಯ ಉಕ್ಕಿನ ಸೇತುವೆಗೆ ಕೈ ಹಾಕಿದಾಗ ಇಷ್ಟೂ ವಿಚಾರಣೆ ಆಗಲಿಲ್ಲ ಅನ್ನೋದೇ ಜನರ ದೂರು.

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, ಆರು ಪಥ. ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳು ಮೇಲೆ. ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕತ್ತು ಉದ್ದ ಮಾಡಿ ನಿಂತವರು ಕೆಳಗೆ! ದಾರಿಯಲ್ಲಿದ್ದ 812 ಮರಗಳಿಗೆ ಕೊಡಲಿ. ಮೊದಲು 1,350 ಕೋಟಿ ಅಂದಿದ್ದ ಅಂದಾಜು, ಬರ್ತಾ ಬರ್ತಾ 441 ಕೋಟಿ ಉಬ್ಬಿತ್ತು. ಕಿಲೋಮೀಟರಿಗೆ ಸುಮಾರು 267 ಕೋಟಿ ಬಿತ್ತು.

ಬಸ್ಸಿನವರ ಲೆಕ್ಕದಲ್ಲಿ ನೋಡೋಣ. ಒಂದು ಬಸ್ಸಿಗೆ 50 ಲಕ್ಷ ಅಂತ ಹಿಡಿದರೂ ಈ ದುಡ್ಡಿಗೆ ಮೂರೂವರೆ ಸಾವಿರ ಬಸ್ಸು ಬರ್ತಿತ್ತು. ಆಗ ಇಡೀ ಬಿ.ಎಂ.ಟಿ.ಸಿ. ಬಳಿ ಇದ್ದದ್ದೇ ಆರು ಸಾವಿರ ಚಿಲ್ಲರೆ.

ಜನರನ್ನು ಕೇಳಿದಿರಾ ಸ್ವಾಮಿ ಅಂದರೆ, ಕೇಳಿದ್ದೇವೆ ಅಂದರು. ಹೇಗೆ? ಇಮೇಲ್ ಮೂಲಕ. ಬಂದ ಉತ್ತರ 299. ಅದರಲ್ಲಿ ನೂರಕ್ಕೆ 73 ಮಂದಿ ಹೂಂ ಅಂದರಂತೆ. ಅಂದರೆ ಇನ್ನೂರ ಹದಿನೆಂಟು ಜನ. ಒಂದು ಕೋಟಿ ಜನರ ಊರಿನಲ್ಲಿ! ಸಾಯಂಕಾಲ ಆರು ಗಂಟೆಗೆ ಮೆಜೆಸ್ಟಿಕ್‌ನಿಂದ ಹೊರಡುವ ಮೂರು ಬಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಈ ಇಮೇಲ್ ವಿಳಾಸ ಗೊತ್ತಿತ್ತು?

ಇದಕ್ಕೊಂದು ಮೂಲ ಇದೆ. 1976ರ ಕಾಯ್ದೆಯಲ್ಲಿ ಹುಟ್ಟಿದ ಬಿ.ಡಿ.ಎ. ಜನ ಓಟು ಹಾಕಿ ಆರಿಸಿದ ಸಂಸ್ಥೆಯಲ್ಲ. ಅಧ್ಯಕ್ಷರು, ಆಯುಕ್ತರು, ಎಲ್ಲ ಸರಕಾರ ಕೂರಿಸಿದವರು. ವಾರ್ಡಿನ ಕಾರ್ಪೊರೇಟರಾದರೆ ಕೊರಳಪಟ್ಟಿ ಹಿಡಿಯದಿದ್ದರೂ ಮನೆ ಬಾಗಿಲಿಗಾದರೂ ಹೋಗಬಹುದು. ಆಯುಕ್ತರ ಬಾಗಿಲಿಗೆ ಹೋದರೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ.

ಬಾಗಿಲು ತೆರೆಯದಿದ್ದಾಗ ಜನ ರಸ್ತೆಗೆ ಇಳಿದರು. 2016ರ ಅಕ್ಟೋಬರ್ 16, ಭಾನುವಾರ. ಸಾವಿರಾರು ಮಂದಿ ಕೈ ಕೈ ಹಿಡಿದು ಮಾನವ ಸರಪಳಿ ಕಟ್ಟಿ, ಸೇತುವೆ ಬೇಡ ಅಂದರು. ಮುದುಕರು, ಶಾಲೆ ಮಕ್ಕಳು, ಅಂಗಿಗೆ ಇಸ್ತ್ರಿ ಮಾಡಿಕೊಂಡು ಬಂದ ಕಂಪನಿ ಕೆಲಸದವರು! ಆ ತಿಂಗಳ ಕೊನೆಗೇ ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಬಂತು. ಕಡೆಗೆ 2017ರ ಮಾರ್ಚ್ 2ರಂದು ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಅವರೇ ಯೋಜನೆ ಕೈಬಿಟ್ಟಿದ್ದೇವೆ ಅಂತ ಸಾರಿದರು.

ಹೆಬ್ಬಾಳದ ದಟ್ಟಣೆ ಸುಳ್ಳು ಅಂತ ಯಾರೂ ಹೇಳ್ತಿಲ್ಲ. ಅಲ್ಲಿ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅದರ ಬಿಸಿ ಗೊತ್ತು. ಆದರೆ ಆ ದಟ್ಟಣೆಗೆ ಬಸ್ಸು ಎಷ್ಟು ಬೇಕು, ರೈಲು ಎಷ್ಟು ಬೇಕು ಅನ್ನುವ ಲೆಕ್ಕವನ್ನು ಮೊದಲು ಜನರ ಮುಂದೆ ಇಡದೆ, ಸೀದಾ ಗುತ್ತಿಗೆಗೆ ಹೋದದ್ದೇ ತಕರಾರು. 2019ರಲ್ಲಿ ಅದೇ ಸೇತುವೆಗೆ ಮತ್ತೆ ಜೀವ ಕೊಡುವ ಮಾತೂ ಬಂತು. ಮತ್ತೆ ಗಲಾಟೆಯಾಯಿತು, ಮತ್ತೆ ತಣ್ಣಗಾಯಿತು.

2025ರಲ್ಲಿ ಬೇರೆ ಸಂಸ್ಥೆ, ಬೇರೆ ಹೆಸರು. ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಗೆ ಟೆಂಡರ್ ಕರೆದರು. ಅಂದಾಜು 17 ಸಾವಿರ ಕೋಟಿಗೂ ಮೇಲೆ. ಉಕ್ಕಿನ ಸೇತುವೆಯ ಹತ್ತರಷ್ಟು ಹತ್ತಿರ ಹತ್ತಿರ. ಈ ಸಲ ಎಷ್ಟು ಇಮೇಲ್ ಬಂದವು ಸ್ವಾಮಿ?