ಹಳೆಯ ಯೆಜ್ಡಿಯ ಉಸಿರು

ಓಟದ ಕಾರುಗಳನ್ನು ಕುರಿತು ಪತ್ರಿಕೆಗಳಲ್ಲಿ ಬಹಳಷ್ಟು ಬರೆಯುವುದುಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ರಸ್ತೆಗಳಲ್ಲಿ ಅಂತಹ ಕಾರನ್ನು ಕಾಣುವುದು ಆಲಮಟ್ಟಿಯ ಹಿನ್ನೀರಿನಲ್ಲಿ ಹಡಗನ್ನು ಕಂಡಷ್ಟೇ ಅಪರೂಪ. ಆದರೆ ವೇಗದ ಗಾಡಿಯೊಂದನ್ನು ಅಗ್ಗಕ್ಕೆ ಕೊಂಡು, ಕೊಂಡ ಬೆಲೆಯಷ್ಟನ್ನೇ ರಿಪೇರಿಗೂ ಸುರಿಯುವುದಕ್ಕೆ ಕಾರೇ ಆಗಬೇಕೆಂದೇನೂ ಇಲ್ಲ. ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ಹಳೆಯ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲುಗಳು ಚೆನ್ನಾಗಿಯೇ ನಿರ್ವಹಿಸುತ್ತವೆ.

ಈ ಗಾಡಿಗಳು ನಮ್ಮ ನಾಡಿನವೇ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಇವುಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅವು ಯೆಜ್ಡಿ ಎಂಬ ಹೆಸರು ತಳೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಿಂದಲೂ 2022ರಲ್ಲಿ ಯೆಜ್ಡಿ ಹೆಸರಿನಿಂದಲೂ ಮತ್ತೆ ಮಾರುಕಟ್ಟೆಗೆ ಬಂದ ಗಾಡಿಗಳು ನಾಲ್ಕು ಸ್ಟ್ರೋಕಿನವು. ಅವುಗಳ ಒಳಗಿನ ವ್ಯವಸ್ಥೆಯೇ ಬೇರೆ. ಹಳೆಯದರ ಉರುಳೆಯ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಗಾತ್ರ ಸುಮಾರು 249 ಘನ ಸೆಂಟಿಮೀಟರು. ಮೊದಲಿನ ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿಯಾದರೆ, ಮುಂದೆ ಬಂದ ರೋಡ್‌ಕಿಂಗಿನದು 16. ಇದೇ ದ್ವಿಘಾತ ಜಾತಿಗೆ ಸೇರಿದ ರಾಜದೂತ್ 350, 1980ರ ದಶಕದಲ್ಲಿ ಸುಮಾರು 30 ಅಶ್ವಶಕ್ತಿಯನ್ನು ಮುಟ್ಟಿತ್ತು. ಭೀಮಾ ತೀರದಿಂದ ಕೃಷ್ಣಾ ತೀರದವರೆಗೆ ಅದು ಎಲ್ಲಿಯಾದರೂ ಮಾರಾಟಕ್ಕೆ ದೊರೆತರೆ, ಮುಂದೆ ಹೇಳುವ ಮಾತುಗಳು ಅದಕ್ಕೆ ಇಮ್ಮಡಿ ಬಲದಿಂದ ಅನ್ವಯಿಸುತ್ತವೆ.

ಹಳೆಯ ಗಾಡಿಯನ್ನು ಕೊಳ್ಳಲು ಹೋದವನು ಸಾಮಾನ್ಯವಾಗಿ ಏನು ಮಾಡುತ್ತಾನೆ? ಒಂದು ಒದೆತಕ್ಕೆ ಚಾಲೂ ಆಗುತ್ತದೆಯೇ ಎಂದು ನೋಡುತ್ತಾನೆ, ಎರಡು ಸೈಲೆನ್ಸರುಗಳ ಆ ಪ್ರಸಿದ್ಧ ಸದ್ದಿಗೆ ಕಿವಿಗೊಡುತ್ತಾನೆ, ಟ್ಯಾಂಕಿನ ಬಣ್ಣವನ್ನು ಮೆಚ್ಚುತ್ತಾನೆ. ಗಾಡಿಯ ನಿಜವಾದ ಆರೋಗ್ಯವನ್ನು ತಿಳಿಸುವ ಸ್ಥಳವು ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಅದನ್ನು ಅರಿಯಬೇಕಾದರೆ ಟೂ ಸ್ಟ್ರೋಕ್ ಎಂದು ಜನರು ಕರೆಯುವ ದ್ವಿಘಾತ ಯಂತ್ರವು ಹೇಗೆ ಉಸಿರಾಡುತ್ತದೆಂಬುದನ್ನು ಸ್ವಲ್ಪ ವಿಚಾರಿಸಬೇಕು.

ಕಮ್ಮಾರನ ಕುಲುಮೆಯ ತಿದಿಯನ್ನು ನೆನೆಯಿರಿ. ತಿದಿಯು ಹಿಗ್ಗಿದಾಗ ಗಾಳಿ ಒಳಗೆ ಬರುತ್ತದೆ, ಅದುಮಿದಾಗ ಬೆಂಕಿಯ ಕಡೆಗೆ ನುಗ್ಗುತ್ತದೆ. ದ್ವಿಘಾತ ಯಂತ್ರದಲ್ಲಿ ಪಿಸ್ಟನ್ನಿನ ಕೆಳಗಿರುವ, ಕ್ರ್ಯಾಂಕು ತಿರುಗುವ ಮುಚ್ಚಿದ ಕೋಣೆಯೇ ತಿದಿ. ಪಿಸ್ಟನ್ ಮೇಲೇರುವಾಗ ಈ ಕೋಣೆಯ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಇಳಿಯುತ್ತದೆ. ಕಾರ್ಬ್ಯುರೇಟರಿನಿಂದ ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣ ಒಳಸೇರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಮಿಶ್ರಣವು ಅದುಮಲ್ಪಟ್ಟು, ಪಕ್ಕದ ದಾರಿಗಳ ಮೂಲಕ ಉರುಳೆಯನ್ನು ಸೇರಿ, ಅಲ್ಲಿ ಉರಿದು ಉಳಿದ ಹೊಗೆಯನ್ನು ಸೈಲೆನ್ಸರಿನತ್ತ ದೂಡುತ್ತದೆ. ಕ್ರ್ಯಾಂಕು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಈ ತಿದಿಯು ಸೆಕೆಂಡಿಗೆ 50 ಸಲ ಉಸಿರಾಡುತ್ತದೆ. ತೂತುಬಿದ್ದ ತಿದಿಯಿಂದ ಕುಲುಮೆ ಹೊತ್ತದೆಂಬುದನ್ನು ಕಮ್ಮಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯೆಜ್ಡಿಯ ತಿದಿಗೆ ತೂತು ಬಿದ್ದಾಗ ಆಗುವುದು ಮಾತ್ರ ವಿಚಿತ್ರ: ಬೆಂಕಿ ಆರುವುದರ ಬದಲು ಯಂತ್ರವೇ ಅತಿಯಾಗಿ ಕಾಯುತ್ತದೆ.

ತೂತು ಬೀಳುವ ಸ್ಥಳಗಳು ಮುಖ್ಯವಾಗಿ ಎರಡು. ಕ್ರ್ಯಾಂಕಿನ ದಂಡವು ಕೋಣೆಯಿಂದ ಹೊರಬರುವ ಎಡಬಲಗಳಲ್ಲಿ ಒಂದೊಂದು ರಬ್ಬರಿನ ಬಳೆ ಇರುತ್ತದೆ. ಇದನ್ನು ಆಯಿಲ್ ಸೀಲು ಎನ್ನುತ್ತಾರೆ. ಬೆಲೆ ಅತ್ಯಲ್ಪ, ಆದರೆ ಅದನ್ನು ಬದಲಾಯಿಸಲು ಯಂತ್ರವನ್ನು ಬಿಚ್ಚಬೇಕಾದ್ದರಿಂದ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಬಿಸಿಗೂ ಕಾಲಕ್ಕೂ ಸಿಕ್ಕಿದ ರಬ್ಬರು ಗಡುಸಾಗಿ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಮೈಸೂರಿನ ಯೆಜ್ಡಿಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಸುಮಾರು ಮೂವತ್ತು ವರ್ಷ. ವಾಡೆಯ ಮೂಲೆಯಲ್ಲಿ ಹತ್ತಾರು ವರ್ಷ ಓಡದೆ ನಿಂತ ಗಾಡಿಯು ನಿತ್ಯ ಓಡಿದ ಗಾಡಿಗಿಂತ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ. ರಬ್ಬರಿನ ಮಟ್ಟಿಗೆ ಅದು ಸರಿಯಲ್ಲ; ಎಣ್ಣೆಯ ಪಸೆ ತಾಗದೆ ಒಣಗಿದ ಸೀಲು ಸವೆದ ಸೀಲಿಗಿಂತ ಬೇಗ ಕೈಕೊಡಬಹುದು.

ಎಡಗಡೆಯ ಸೀಲಿನ ಆಚೆ ಕ್ಲಚ್ಚು, ಸರಪಳಿ, ಗೇರ್‌ಬಾಕ್ಸಿನ ಎಣ್ಣೆ ಇವೆ. ಆ ಸೀಲು ಹೋದರೆ ತಿದಿಯು ಉಸಿರೆಳೆಯುವಾಗಲೆಲ್ಲ ಗೇರಿನ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಆಗ ದಟ್ಟವಾದ ಹೊಗೆ ಬರುತ್ತದೆ, ಪ್ಲಗ್ಗು ಒದ್ದೆಯಾಗಿ ಕಪ್ಪಾಗುತ್ತದೆ, ಕೆಳಗೆ ಒಂದು ಹನಿಯೂ ಸೋರದಿದ್ದರೂ ಗೇರ್‌ಬಾಕ್ಸಿನ ಎಣ್ಣೆಯ ಮಟ್ಟ ದಿನದಿನಕ್ಕೆ ಇಳಿಯುತ್ತದೆ. ಇದು ಕೆಟ್ಟದ್ದೇ ಆದರೂ ಹೊಗೆಯೆಬ್ಬಿಸಿ ತನ್ನ ಇರವನ್ನು ತಾನೇ ಸಾರುವ ರೋಗ. ಬಲಗಡೆಯದು ಹಾಗಲ್ಲ. ಅಲ್ಲಿ ಡೈನಮೋ ಇದೆ. ಅದರ ಸುತ್ತ ಇರುವುದು ಬರಿಯ ಗಾಳಿ. ಬಲಸೀಲು ಹೋದರೆ ಕಾರ್ಬ್ಯುರೇಟರಿನ ಲೆಕ್ಕಕ್ಕೆ ಸಿಕ್ಕದ ಗಾಳಿ ಒಳಸೇರಿ ಮಿಶ್ರಣವು ತೆಳುವಾಗುತ್ತದೆ. ತೆಳುಮಿಶ್ರಣದ ಉರಿ ಹೆಚ್ಚು ಬಿಸಿ. ಅಷ್ಟೇ ಅಲ್ಲ, ಈ ಯಂತ್ರಕ್ಕೆ ಎಣ್ಣೆ ಬರುವುದು ಪೆಟ್ರೋಲಿನೊಡನೆಯೇ, ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ. ಪೆಟ್ರೋಲು ಕಡಿಮೆಯಾದಾಗ ಎಣ್ಣೆಯೂ ಕಡಿಮೆಯಾಯಿತು. ಶಾಖ ಹೆಚ್ಚುವ ಗಳಿಗೆಯಲ್ಲಿಯೇ ಜಿಡ್ಡು ತಗ್ಗುತ್ತದೆ.

ಮುಂದಿನದನ್ನು ಲೆಕ್ಕದಿಂದ ನೋಡಬಹುದು. ಪಿಸ್ಟನ್ ಅಲ್ಯುಮಿನಿಯಮ್ಮಿನ ಮಿಶ್ರಲೋಹ, ಉರುಳೆ ಎರಕದ ಕಬ್ಬಿಣ. ಒಂದೊಂದು ಡಿಗ್ರಿ ಸೆಂಟಿಗ್ರೇಡಿಗೆ ಮೊದಲನೆಯದು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 20 ಪಾಲು ಹಿಗ್ಗಿದರೆ, ಎರಡನೆಯದು ಸುಮಾರು 11 ಪಾಲು ಹಿಗ್ಗುತ್ತದೆ. ಪಿಸ್ಟನ್ನಿನ ಪಕ್ಕವು 130 ಡಿಗ್ರಿ ಕಾದಾಗ 65 ಮಿಲಿಮೀಟರಿನ ವ್ಯಾಸವು 0.17 ಮಿಲಿಮೀಟರು ಹೆಚ್ಚುತ್ತದೆ. ಉರುಳೆಯು 100 ಡಿಗ್ರಿ ಕಾದಾಗ ಸುಮಾರು 0.07 ಮಾತ್ರ. ಅಂತರ 0.1 ಮಿಲಿಮೀಟರು, ಎಂದರೆ ಹೆಚ್ಚುಕಡಿಮೆ ಒಂದು ಕೂದಲೆಳೆ. ತಣ್ಣಗಿರುವಾಗ ಎರಡರ ನಡುವೆ ಬಿಡುವ ಸಂದೂ ಇದೇ ಪ್ರಮಾಣದ್ದು. ಶಾಖವು ಲೆಕ್ಕ ಮೀರಿ ಏರಿದರೆ ಸಂದು ಉಳಿಯದು. ಪಿಸ್ಟನ್ ಉರುಳೆಯನ್ನು ಕಚ್ಚಿ ಹಿಡಿಯುತ್ತದೆ. ಮಿಸ್ತ್ರಿಗಳ ಭಾಷೆಯಲ್ಲಿ ಗಾಡಿ ಸೀಜ್ ಆಯಿತು.

ವಿಜಯಪುರದಿಂದ ನಿಡಗುಂದಿಯತ್ತ ಅಥವಾ ಸಿಂದಗಿಯತ್ತ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹಿಂದೆ ಕಬ್ಬಿನ ಲಾರಿ ಬರುತ್ತಿರುವಾಗ ಇದು ಸಂಭವಿಸಿತೆನ್ನಿ. ನಿಂತ ಯಂತ್ರವು ಸರಪಳಿಯ ಮೂಲಕ ಹಿಂದಿನ ಚಕ್ರವನ್ನೂ ಹಿಡಿದು ನಿಲ್ಲಿಸುತ್ತದೆ, ಗಾಡಿ ಜಾರುತ್ತದೆ. ಸವಾರನಿಗೆ ಉಳಿಯುವ ಉಪಾಯ ಒಂದೇ: ತಕ್ಷಣ ಕ್ಲಚ್ಚು ಹಿಡಿಯುವುದು. ಯಂತ್ರದ ಎಳೆತ ಇದ್ದಕ್ಕಿದ್ದಂತೆ ಕುಗ್ಗಿ, ಯಾರೋ ಹಿಂದಿನಿಂದ ಹಿಡಿದೆಳೆದಂತಾಗುವುದು ಸಾಮಾನ್ಯವಾಗಿ ಮುನ್ಸೂಚನೆ. ದೂರದ ಓಟದಲ್ಲಿ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲಿರಲೆಂದು ಹಳೆಯ ಸವಾರರು ಹೇಳುವುದು ಸುಮ್ಮನೆ ಅಲ್ಲ.

ಸೀಜಾದ ಗಾಡಿ ಗ್ಯಾರೇಜು ಸೇರುತ್ತದೆ. ಗೀರುಬಿದ್ದ ಉರುಳೆಯನ್ನು ಕೊರೆದು ಅಗಲಿಸಿ, 0.25 ಮಿಲಿಮೀಟರು ದೊಡ್ಡದಾದ ಪಿಸ್ಟನ್ ಕೂರಿಸುತ್ತಾರೆ. ಇದೇ ಬೋರಿಂಗ್. ಗಾಡಿ ಹೊಸದರಂತೆ ಓಡುತ್ತದೆ, ಕೆಲವು ನೂರು ಕಿಲೋಮೀಟರು. ಆಮೇಲೆ ಮತ್ತೆ ಸೀಜು. ಆಗ ಮಾಲೀಕನು ಪಿಸ್ಟನ್ನನ್ನು ದೂರುತ್ತಾನೆ, ಅಂಗಡಿಯವನು ಎಣ್ಣೆಯನ್ನು ದೂರುತ್ತಾನೆ, ಮಿಸ್ತ್ರಿಯು ಸವಾರನ ಅವಸರವನ್ನು ದೂರುತ್ತಾನೆ. ಸೀಲು ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ಬೋರಿಂಗಿಗೆ ಮಿತಿಯುಂಟು, ಉರುಳೆಯ ಗೋಡೆ ಎಷ್ಟೆಂದು ತೆಳುವಾದೀತು? ಆದುದರಿಂದ ಕೊಳ್ಳುವವನು ಎಷ್ಟನೆಯ ಬೋರಿನ ಗಾಡಿಯೆಂದು ಕೇಳುವುದು, ಅದಕ್ಕಿಂತಲೂ ಮುಖ್ಯವಾಗಿ ಕಳೆದ ಬೋರಿಂಗಿನಲ್ಲಿ ಸೀಲುಗಳನ್ನು ಬದಲಾಯಿಸಿತ್ತೇ ಎಂದು ಕೇಳುವುದು ಅವಶ್ಯ. ಬಿಡಿಭಾಗಗಳಿಗಾಗಿ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿಬರುವ ಖರ್ಚು ಈ ಪ್ರಶ್ನೆಯಿಂದ ಉಳಿದೀತು.

ಪರೀಕ್ಷೆ ಕಠಿಣವಲ್ಲ. ಆಕ್ಸಲರೇಟರು ಬಿಟ್ಟ ಮೇಲೂ ಯಂತ್ರದ ವೇಗ ಕೂಡಲೇ ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ ಎಲ್ಲಿಯೋ ಗಾಳಿ ನುಸುಳುತ್ತಿದೆಯೆಂದು ಶಂಕಿಸಬಹುದು. ನಾಲ್ಕೈದು ಕಿಲೋಮೀಟರು ಓಡಿಸಿ ಪ್ಲಗ್ಗು ಬಿಚ್ಚಿ ನೋಡಿದರೆ, ಅದರ ತುದಿ ಹುರಿದ ಕಾಫಿಬೀಜದ ಕಂದಾಗಿದ್ದರೆ ಲೇಸು, ಸುಣ್ಣದಂತೆ ಬೆಳ್ಳಗಿದ್ದರೆ ತೆಳುಮಿಶ್ರಣ. ಖಚಿತವಾಗಬೇಕಾದರೆ ಸೈಕಲ್ ಟ್ಯೂಬಿನ ಪಂಕ್ಚರು ಹುಡುಕುವ ಕ್ರಮವೇ ಸಾಕು: ಕಾರ್ಬ್ಯುರೇಟರಿನ ಬಾಯನ್ನೂ ಎರಡು ಸೈಲೆನ್ಸರುಗಳ ಬಾಯನ್ನೂ ಬಿರಡೆ ಹಾಕಿ ಮುಚ್ಚಿ, ಪ್ಲಗ್ಗಿನ ರಂಧ್ರದಿಂದ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ, ಚದರ ಸೆಂಟಿಮೀಟರಿಗೆ 0.4 ಕಿಲೋಗ್ರಾಮಿನಷ್ಟು ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದು. ಪಿಸ್ಟನ್ ಕೆಳತುದಿಯಲ್ಲಿರಬೇಕು, ಇಲ್ಲವಾದರೆ ಗಾಳಿ ಕ್ರ್ಯಾಂಕಿನ ಕೋಣೆಗೆ ತಲಪದು. ಇದಕ್ಕಿಂತ ಹೆಚ್ಚು ತುಂಬಿದರೆ ಒಳ್ಳೆಯ ಸೀಲೂ ಹಾರಿಹೋದೀತು. ಒತ್ತಡ ಇಳಿದರೆ ಸಾಬೂನು ನೀರಿನ ಗುಳ್ಳೆಗಳು ತೂತಿನ ಸ್ಥಳವನ್ನು ತೋರಿಸುತ್ತವೆ. ನಮ್ಮ ತಾಲ್ಲೂಕುಗಳ ಗ್ಯಾರೇಜುಗಳಲ್ಲಿ ಪ್ರತಿಯೊಂದು ಬೋರಿಂಗಿಗೂ ಮುಂಚೆ ಈ ಪರೀಕ್ಷೆ ನಡೆಯಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಸೀಲು ಸರಿಯಿದ್ದರೂ ಮಿಶ್ರಣವನ್ನು ತೆಳುಮಾಡುವ ಇನ್ನೆರಡು ಕಾರಣಗಳು ಈ ಭಾಗದಲ್ಲಿವೆ. ಒಂದು ಹವೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಕಾದ ಗಾಳಿ ವಿರಳ. ಅದಕ್ಕೆ ಹೊಂದುವಂತೆ ಕಾರ್ಬ್ಯುರೇಟರನ್ನು ಬೇಸಗೆಯಲ್ಲಿ ಬಿಗಿಮಾಡಿಸಿಕೊಂಡವನು ಡಿಸೆಂಬರಿನ ನಸುಕಿನಲ್ಲಿ, 15 ಡಿಗ್ರಿಯ ಚಳಿಯಲ್ಲಿ ಹೊರಟರೆ, ಗಾಳಿಯು ನೂರಕ್ಕೆ ಒಂಬತ್ತು ಪಾಲು ದಟ್ಟವಾಗಿರುತ್ತದೆ. ಮಿಶ್ರಣವು ನೂರಕ್ಕೆ ನಾಲ್ಕೈದು ಪಾಲು ತೆಳುವಾಗುತ್ತದೆ. ಚಳಿಯಲ್ಲಿ ಯಂತ್ರ ಕಾಯದೆಂದು ನಂಬಿ ಜೋರಾಗಿ ಓಡಿಸಿದವನ ಗಾಡಿ ಸೀಜಾಗುವುದು ಹೀಗೆ. ಇನ್ನೊಂದು ಪೆಟ್ರೋಲು. ಈಗ ಬಂಕುಗಳಲ್ಲಿ ದೊರೆಯುವುದು ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತ ಪೆಟ್ರೋಲು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. 1970ರಲ್ಲಿ ಕೊರೆದ ಜೆಟ್ಟಿಗೆ ಇದೇನು ಗೊತ್ತು? ಅದು ಹಿಂದಿನಷ್ಟೇ ದ್ರವವನ್ನು ಬಿಡುತ್ತದೆ. ಮಿಶ್ರಣವು ನೂರಕ್ಕೆ ಏಳೆಂಟು ಪಾಲು ತೆಳುವಾದಂತಾಗುತ್ತದೆ. ಮೇಲಾಗಿ ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಸ್ವಲ್ಪ ದೊಡ್ಡ ಜೆಟ್ಟು ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಬರಿದು ಮಾಡುವುದು ಇದಕ್ಕೆ ಮದ್ದು. ಕಬ್ಬು ಬೆಳೆಯುವ ನಮ್ಮ ರೈತನಿಗೆ ಎಥನಾಲು ಲಾಭವನ್ನೇ ತಂದಿರಬಹುದು. ಅವನ ಅಪ್ಪನ ಯೆಜ್ಡಿಗೆ ಅದು ಅಷ್ಟು ಹಿತವಲ್ಲ.

ಉಳಿದ ಕಾಯಿಲೆಗಳನ್ನು ಬೇಗ ಮುಗಿಸಬಹುದು. ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳ ಸಂದು ಸುಮಾರು 0.4 ಮಿಲಿಮೀಟರು ಇರಬೇಕು. ಸವೆದರೆ ಕಿಡಿಯ ವೇಳೆ ತಪ್ಪುತ್ತದೆ. ಪಾಯಿಂಟುಗಳ ನಡುವೆಯೇ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆಯೆಂದು ತಿಳಿಯಬೇಕು. ಎಣ್ಣೆ ಉರಿದ ಮಸಿ ಸೈಲೆನ್ಸರಿನಲ್ಲಿ ಕಟ್ಟಿಕೊಂಡರೆ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಇದನ್ನು ಬೋರು ಹೋಗಿದೆಯೆಂದು ತಿಳಿದು ಹಣ ಕಳೆದುಕೊಂಡವರುಂಟು. ಗಾಳಿ ಸೋಸುವ ಜಾಲರಿ ಹರಿದಿದ್ದರೆ ರಸ್ತೆಯ ಧೂಳಿನ ಸ್ಫಟಿಕ ಕಣಗಳು ಎರಕದ ಕಬ್ಬಿಣವನ್ನು ಸಾಣೆ ಹಿಡಿದಂತೆ ಸವೆಸುತ್ತವೆ. ಜಾವಾದ ಸರಪಳಿಗೆ ಪೂರ್ಣ ಕವಚವಿರುವುದು ಎರೆಮಣ್ಣಿನ ನಾಡಿಗೆ ದೊಡ್ಡ ಅನುಕೂಲ. ಆದರೆ ಕೆಸರನ್ನು ಹೊರಗಿಡುವ ಆ ಕವಚವೇ ಸವೆತವನ್ನೂ ಮರೆಮಾಡುತ್ತದೆ. ಬಿಚ್ಚಿಸಿ ನೋಡದೆ ಕೊಳ್ಳಬಾರದು.

ಯಂತ್ರದ ಮಾತಿನಲ್ಲಿ ಮರೆತುಹೋಗುವುದು ಬ್ರೇಕು. ಗಾಡಿ ಮತ್ತು ಇಬ್ಬರು ಸವಾರರು ಸೇರಿ 270 ಕಿಲೋಗ್ರಾಮು ಎಂದುಕೊಳ್ಳೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಇದರ ಚಲನಶಕ್ತಿ ಸುಮಾರು 37,500 ಜೂಲು, ಒಂದು ಲೀಟರು ನೀರನ್ನು 9 ಡಿಗ್ರಿ ಕಾಯಿಸುವಷ್ಟು. 90 ಕಿಲೋಮೀಟರಿನಲ್ಲಿ ಅದು ಒಂದೂವರೆ ಪಟ್ಟಾಗದೆ ಎರಡೂಕಾಲು ಪಟ್ಟಾಗುತ್ತದೆ. ಇದೆಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಎರಡು ಡ್ರಮ್ಮುಗಳ ಒಳಗೆ ಶಾಖವಾಗಬೇಕು. ಬೇರಿಂಗಿನ ಗ್ರೀಸು ಸೋರಿ ಲೈನಿಂಗು ಜಿಡ್ಡಾಗಿದ್ದರೆ, ಮಳೆಗಾಲದ ಎರೆಮಣ್ಣು ಒಳಸೇರಿದ್ದರೆ, ಅಥವಾ ಡ್ರಮ್ಮು ದುಂಡುತಪ್ಪಿ ಹಿಡಿಕೆ ಕೈಯಲ್ಲಿ ಮಿಡಿಯುತ್ತಿದ್ದರೆ ಆ ಕೆಲಸ ನಡೆಯುವುದಿಲ್ಲ.

ಇದನ್ನು ಅಳೆಯಲು ಉಪಕರಣ ಬೇಡ. ಜನಸಂಚಾರವಿಲ್ಲದ ಸಮತಟ್ಟಾದ ಒಣ ರಸ್ತೆಯಲ್ಲಿ ಒಂದು ಕಲ್ಲನ್ನು ಗುರುತಿಗಿಟ್ಟು, 40 ಕಿಲೋಮೀಟರು ವೇಗದಲ್ಲಿ ಬಂದು, ಕಲ್ಲಿನ ಬಳಿ ಎರಡೂ ಬ್ರೇಕುಗಳನ್ನು ಚಕ್ರ ಜಾರದಂತೆ ಒತ್ತಬೇಕು. ಸೆಕೆಂಡು ಸೆಕೆಂಡಿಗೆ 4 ಮೀಟರಿನಂತೆ ವೇಗ ತಗ್ಗಿದರೆ ಗಾಡಿ 15, 16 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕು ಅರ್ಧ ಸತ್ತಿದ್ದರೆ 31 ಮೀಟರು ಬೇಕು. ವೇಗ 80 ಆದಾಗ ಇವೆರಡೂ ನಾಲ್ಕು ಪಟ್ಟಾಗುತ್ತವೆ. ಮಾರುವವನು ಬೆಲೆ ಹೇಳುವ ಮೊದಲೇ ಕಲ್ಲಿನಿಂದ ಚಕ್ರದವರೆಗೆ ಹೆಜ್ಜೆ ಎಣಿಸಿಕೊಂಡು ಬರುವುದು ಒಳ್ಳೆಯದು.