ಎರಡು ರೂಪಾಯಿಯ ಸವಾರಿ

ಕೊಪ್ಪಳದಿಂದ ಭಾಗ್ಯನಗರಕ್ಕೆ ಹೋಗುವ ದಾರಿಯಲ್ಲಿ ರೈಲ್ವೆ ಮೇಲ್ಸೇತುವೆ ಇದೆ. ಆಟೋದಲ್ಲಿ ಕುಳಿತವರಿಗೆ ಅದು ಏರು ಎಂಬುದೇ ತಿಳಿಯುವುದಿಲ್ಲ. ಆದರೆ ನಲವತ್ತು ದಾಟಿದ, ಮೊಣಕಾಲು ನೋವಿರುವ, ಒಂದು ಹೆಗಲಿಗೆ ಪುಸ್ತಕದ ಚೀಲ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದ ಶಿಕ್ಷಕಿಗೆ ಅದರ ಒಂದೊಂದು ಗಜವೂ ಗೊತ್ತು. ಒಂದೂವರೆ ವರ್ಷದಿಂದ ನಾನು ಆ ಸೇತುವೆಯನ್ನು ಸೈಕಲ್ಲಿನಲ್ಲಿ ಏರುತ್ತಿದ್ದೇನೆ. ಇಳಿದು ತಳ್ಳುವುದಿಲ್ಲ, ಏದುಸಿರೂ ಬಿಡುವುದಿಲ್ಲ. ಮೊದಲ ವಾರ ತರಕಾರಿ ಮಾರುವ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ, “ಅಕ್ಕೋರ, ನಿಮ್ಮ ಸೈಕಲ್ಲಿಗೆ ದೆವ್ವ ಹಿಡದೈತೇನ್ರಿ? ತಾನ ಏರಾಕತ್ತೈತಲ್ಲ!” ಎಂದು ಕೇಳಿದ್ದರು. ದೆವ್ವವಲ್ಲ, ಬ್ಯಾಟರಿ ಎಂದು ತೋರಿಸಿದೆ. ಅವರಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಈ ಸೈಕಲ್ ನನ್ನ ಮನೆಗೆ ಶೋಕಿಗಾಗಿ ಬಂದದ್ದಲ್ಲ. ನನ್ನ ಶಾಲೆ ಮನೆಯಿಂದ ನಾಲ್ಕು ಕಿಲೋಮೀಟರ್. ಮೊದಲು ಪತಿ ಬೈಕಿನಲ್ಲಿ ಬಿಟ್ಟು ಬರುತ್ತಿದ್ದರು. ಅವರಿಗೆ ಕುಷ್ಟಗಿಯಲ್ಲಿ ಕೆಲಸವಾದ ಮೇಲೆ ಬೆಳಿಗ್ಗೆ ಏಳಕ್ಕೇ ಮನೆ ಬಿಡಬೇಕಾಯಿತು. ಆಟೋಗೆ ಹೋಗಲು ನಲವತ್ತು, ಬರಲು ನಲವತ್ತು. ಖಾಸಗಿ ಶಾಲೆಯ ಶಿಕ್ಷಕಿಯ ಸಂಬಳ ಎಷ್ಟೆಂದು ಓದುಗ ಸಹೋದರಿಯರಿಗೆ ಹೇಳಬೇಕಾಗಿಲ್ಲ. “ಸಂಬಳವೆಲ್ಲ ಆಟೋದವನಿಗೇ ಹೋಗುವುದಾದರೆ ಕೆಲಸ ಬಿಟ್ಟುಬಿಡು” ಎಂಬ ಮಾತು ಮನೆಯಲ್ಲಿ ಎರಡು ಸಲ ಬಂತು. ಮೂರನೆಯ ಸಲ ಬಂದಿದ್ದರೆ ಬಹುಶಃ ಬಿಟ್ಟೇಬಿಡುತ್ತಿದ್ದೆ.

ಸರಕಾರದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದ ಮೇಲೆ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಲ್ಲವೇ ಎಂದು ನೀವು ಕೇಳಬಹುದು. ನಿಜ. ಗಂಗಾವತಿಯಲ್ಲಿರುವ ನನ್ನ ಆಪಾನ ಮನೆಗೆ ನಾನು ಹೋಗುವುದು ಅದೇ ಬಸ್ಸಿನಲ್ಲಿ. ಆದರೆ ಬಸ್ಸು ಊರಿಂದ ಊರಿಗೆ ಹೋಗುತ್ತದೆ. ಮನೆಯ ಬಾಗಿಲಿನಿಂದ ನಿಲ್ದಾಣಕ್ಕೆ, ಅಲ್ಲಿಂದ ಶಾಲೆಗೆ, ಶಾಲೆಯಿಂದ ಪಡಿತರ ಅಂಗಡಿಗೆ, ಆಸ್ಪತ್ರೆಗೆ, ಟೈಲರ್ ಹತ್ತಿರ ಹೋಗುವ ಎರಡು ಮೂರು ಕಿಲೋಮೀಟರ್ ಇದೆಯಲ್ಲ, ಹೆಣ್ಣುಮಕ್ಕಳ ದಿನ ಕಳೆಯುವುದು ಅದರಲ್ಲೇ. ಆ ದೂರಕ್ಕೆ ಬಸ್ಸಿಲ್ಲ. ಅದಕ್ಕೆ ನಾವು ಪತಿಯನ್ನೋ ಮಗನನ್ನೋ ಕಾಯುತ್ತೇವೆ. “ಬಂದೆ, ಐದು ನಿಮಿಷ” ಎಂದ ಮಗ ಒಂದು ಗಂಟೆಯ ನಂತರ ಬರುತ್ತಾನೆ.

ಸ್ಕೂಟಿ ಏಕೆ ಕೊಳ್ಳಲಿಲ್ಲ ಎಂದರೆ, ಮೊದಲನೆಯದಾಗಿ ಹಣ. ಎರಡನೆಯದು ಲೈಸೆನ್ಸು, ನೋಂದಣಿ, ವರ್ಷ ವರ್ಷದ ವಿಮೆ. ಬ್ಯಾಟರಿ ಸೈಕಲ್ಲಿಗೆ ಇವಾವುವೂ ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟುತ್ತಲೇ ಮೋಟಾರು ನಿಂತುಹೋಗುವಂತಿದ್ದರೆ, ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ ಅಲ್ಲ, ಸೈಕಲ್. ತಾಯಂದಿರು ಇದನ್ನು ಚೆನ್ನಾಗಿ ನೆನಪಿಡಬೇಕು. ಏಕೆಂದರೆ 2019ರ ತಿದ್ದುಪಡಿಯ ನಂತರ ಹದಿನೆಂಟು ತುಂಬದ ಮಗ ಅಥವಾ ಮಗಳು ಲೈಸೆನ್ಸಿಲ್ಲದೆ ಸ್ಕೂಟರ್ ಓಡಿಸಿ ತಪ್ಪು ಮಾಡಿದರೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆದರೆ ಕೆಲವು ಅಂಗಡಿಗಳಲ್ಲಿ “ಮೇಡಂ, ಒಂದು ವೈರ್ ಕಿತ್ತರೆ ನಲವತ್ತು ಓಡುತ್ತೆ” ಎಂದು ಆಸೆ ತೋರಿಸುತ್ತಾರೆ. ವೈರ್ ಕಿತ್ತ ದಿನದಿಂದ ಅದು ಸೈಕಲ್ ಆಗಿ ಉಳಿಯುವುದಿಲ್ಲ. ಯಾರಿಗಾದರೂ ತಾಗಿದರೆ ಕೈಯಲ್ಲಿ ಲೈಸೆನ್ಸೂ ಇಲ್ಲ, ವಿಮೆಯೂ ಇಲ್ಲ.

ನಾನು ಸೈಕಲ್ ಕಲಿತದ್ದು ಅಣ್ಣನ ಸೈಕಲ್ಲಿನಲ್ಲಿ, ಒಳಪೆಡಲ್ ಹೊಡೆದು. ಏಳನೇ ತರಗತಿಗೆ ಅದು ಮುಗಿಯಿತು. ದೊಡ್ಡವಳಾದೆ, ಇನ್ನು ಸಾಕು ಎಂದರು. ಮೂವತ್ತು ವರ್ಷಗಳ ನಂತರ ಮತ್ತೆ ಹತ್ತುವಾಗ ಮರೆತಿರಬಹುದೆಂದು ಹೆದರಿದ್ದೆ. ದೇಹ ಮರೆತಿರಲಿಲ್ಲ. ಮರೆತದ್ದು ಧೈರ್ಯ ಮಾತ್ರ. ಒಂದು ವಾರ ಫಜ್ರ್ ನಮಾಝ್ ಮುಗಿಸಿ, ಬೀದಿಯಲ್ಲಿ ಹಾಲಿನವನ ಹೊರತು ಯಾರೂ ಇಲ್ಲದ ಹೊತ್ತಿನಲ್ಲಿ ಅಭ್ಯಾಸ ಮಾಡಿದೆ.

ಇದರ ಕೆಲಸದ ರೀತಿ ಸರಳ. ಹಿಂದಿನ ಚಕ್ರದ ನಡುವೆ ಮೋಟಾರು ಇದೆ. ಪೆಡಲ್ ತುಳಿದಾಗ ಅಲ್ಲಿರುವ ಅಯಸ್ಕಾಂತದ ಬಿಲ್ಲೆ ತಿರುಗಿ ಸುದ್ದಿ ಮುಟ್ಟಿಸುತ್ತದೆ, ಮೋಟಾರು ತನ್ನ ಪಾಲಿನ ಶಕ್ತಿ ಸೇರಿಸುತ್ತದೆ. ಹಿಂದಿನಿಂದ ಯಾರೋ ಮೆಲ್ಲಗೆ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ. ಬ್ರೇಕ್ ಹಿಡಿದ ಕೂಡಲೇ ಮೋಟಾರು ಬಂದ್. ಕೆಲವದರಲ್ಲಿ ಸ್ಕೂಟರಿನಂತೆ ಎಕ್ಸಿಲೇಟರೂ ಇರುತ್ತದೆ. ರಮಝಾನಿನಲ್ಲಿ, ಅದೂ ಬಿಸಿಲು ಏರುವ ದಿನಗಳಲ್ಲಿ, ನಾನು ಅದನ್ನು ಬಳಸುತ್ತೇನೆ. ಉಳಿದ ದಿನ ತುಳಿದುಕೊಂಡೇ ಹೋಗುತ್ತೇನೆ. ಹಾಗೆ ತುಳಿದರೆ ಬ್ಯಾಟರಿಯೂ ಹೆಚ್ಚು ದೂರ ಬರುತ್ತದೆ, ಮೊಣಕಾಲಿಗೂ ಹಿತ. ನಡೆಯುವಾಗ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ, ಇಲ್ಲಿ ಸೀಟು ಆ ಭಾರ ಹೊರುತ್ತದೆ.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ನನ್ನ ಬ್ಯಾಟರಿಯ ಮೇಲೆ 36 ವೋಲ್ಟ್, 7.8 ಆಂಪಿಯರ್-ಅವರ್ ಎಂದು ಬರೆದಿದೆ. ಎರಡನ್ನೂ ಗುಣಿಸಿದರೆ ಸುಮಾರು 280. ಒಂದು ಯೂನಿಟ್ ವಿದ್ಯುತ್ ಎಂದರೆ ಸಾವಿರ. ಚಾರ್ಜರ್ ಬಿಸಿಯಾಗಿ ಪೋಲಾಗುವುದನ್ನು ಸೇರಿಸಿದರೂ ಪೂರ್ತಿ ಚಾರ್ಜಿಗೆ ಯೂನಿಟ್ಟಿನ ಮೂರನೇ ಒಂದು ಭಾಗ ಸಾಕು. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೆ ಎರಡು ರೂಪಾಯಿ. ಕಂಪೆನಿಯವರು ಮೂವತ್ತು ಕಿಲೋಮೀಟರ್ ಎಂದಿದ್ದರು, ನನಗೆ ಬರುವುದು ಇಪ್ಪತ್ತೆರಡು. ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ತಿಂಗಳಿಗೆ ನಾಲ್ಕೈದು ಯೂನಿಟ್, ಗೃಹಜ್ಯೋತಿಯ ಲೆಕ್ಕದೊಳಗೇ ಅಡಗಿ ಹೋಗುತ್ತದೆ. ಸೈಕಲ್ಲಿಗೆ ಕೊಟ್ಟದ್ದು 32 ಸಾವಿರ. ಆಟೋಗೆ ತಿಂಗಳಿಗೆ ಹೋಗುತ್ತಿದ್ದುದು ಸುಮಾರು 1,760. ಈ ತಿಂಗಳಿಗೆ ಹೆಚ್ಚು ಕಡಿಮೆ ಸರಿಹೋಯಿತು.

ಬ್ಯಾಟರಿಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು, ಆದರೂ ಇದನ್ನು ಕಲಿತುಕೊಳ್ಳಬೇಕಾಯಿತು. 2007ರ ಸುಮಾರಿಗೆ ಬ್ಯಾಟರಿ ಸ್ಕೂಟರುಗಳು ಬಂದಾಗ ಅವುಗಳಲ್ಲಿದ್ದುದು ಸೀಸದ ಬ್ಯಾಟರಿ. ಭಾರ ಜಾಸ್ತಿ, ಆಯುಷ್ಯ ಕಡಿಮೆ. ಬ್ಯಾಟರಿ ಗಾಡಿ ಎಂದರೆ ಹಿರಿಯರು ಮೂಗು ಮುರಿಯುವುದಕ್ಕೆ ಅದೇ ಕಾರಣ. ಈಗಿನದ್ದು ಲಿಥಿಯಂ, ನಮ್ಮ ಮೊಬೈಲಿನಲ್ಲಿರುವ ಜಾತಿಯದ್ದೇ. ಇದಕ್ಕೆ ದೊಡ್ಡ ಶತ್ರು ಬಿಸಿ. ನಮ್ಮ ಜಿಲ್ಲೆಯ ಏಪ್ರಿಲ್-ಮೇ ತಿಂಗಳು ಗೊತ್ತೇ ಇದೆ, ನಲವತ್ತು ಡಿಗ್ರಿ ಎಂದರೆ ಯಾರೂ ಆಶ್ಚರ್ಯ ಪಡುವುದಿಲ್ಲ. ಆದ್ದರಿಂದ ಸೈಕಲ್ಲನ್ನು ಬಿಸಿಲಿನಲ್ಲಾಗಲಿ, ತಗಡಿನ ಶೆಡ್ಡಿನಲ್ಲಾಗಲಿ ನಿಲ್ಲಿಸಬೇಡಿ. ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ಅದರದ್ದೇ ಚಾರ್ಜರ್ ಬಳಸಿ. ಮಕ್ಕಳು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗುವುದು ಬೇಡ. 2022ರಲ್ಲಿ ದೇಶದ ಹಲವೆಡೆ ಬ್ಯಾಟರಿ ಸ್ಕೂಟರುಗಳು ಹೊತ್ತಿ ಉರಿದದ್ದು ನೆನಪಿರಬಹುದು. ಬೇಸಿಗೆ ರಜೆಯಲ್ಲಿ ತವರಿಗೆ ಹೋಗುವುದಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಪೂರ್ತಿ ಖಾಲಿಯನ್ನೂ ಮಾಡದೆ ಅರ್ಧಕ್ಕಿಟ್ಟು ತಂಪಾದ ಜಾಗದಲ್ಲಿಡಿ. ಕೊಳ್ಳುವಾಗಲೇ ಬಿಚ್ಚಿ ಮನೆಯೊಳಗೆ ತರಬಹುದಾದ ಬ್ಯಾಟರಿ ಇರುವ ಸೈಕಲ್ ಆರಿಸಿಕೊಂಡರೆ ಒಳ್ಳೆಯದು. ನನ್ನ ಸೈಕಲ್ 24 ಕಿಲೋ ಇದೆ, ಮೂರು ಮೆಟ್ಟಿಲು ಹತ್ತಿಸುವಷ್ಟರಲ್ಲಿ ಸೊಂಟ ಮಾತಾಡುತ್ತದೆ.

ಇನ್ನು ಉಡುಪು. ಈಗಿನ ಬ್ಯಾಟರಿ ಸೈಕಲ್ಲುಗಳಲ್ಲಿ ಬಹಳಷ್ಟು ಹುಡುಗರ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಡುವೆ ಅಡ್ಡ ದಂಡಿ, ಚೈನಿಗೆ ಮುಚ್ಚಳವಿಲ್ಲ, ಹಿಂದಿನ ಚಕ್ರಕ್ಕೆ ಜಾಲರಿ ಇಲ್ಲ. ಬುರ್ಖಾ, ಸೀರೆ ಅಥವಾ ಚೂಡಿದಾರದ ದುಪಟ್ಟಾ ಧರಿಸುವವರಿಗೆ ಇದು ಅಪಾಯ. ದಂಡಿ ಇಲ್ಲದ ಲೇಡೀಸ್ ಸೈಕಲ್ಲೇ ಬೇಕೆಂದು ಹಟ ಹಿಡಿಯಿರಿ. ಚೈನ್ ಕವರ್, ಚಕ್ರದ ಜಾಲರಿ ಹಾಕಿಸಿಕೊಂಡೇ ಅಂಗಡಿಯಿಂದ ಹೊರಡಿ. ನಾನು ಬುರ್ಖಾದ ಕೆಳಅಂಚನ್ನು ಎರಡು ಕಡೆ ಕ್ಲಿಪ್ಪಿನಿಂದ ಸೇರಿಸುತ್ತೇನೆ, ಸ್ಕಾರ್ಫಿನ ತುದಿಯನ್ನು ಒಳಗೆ ಸಿಕ್ಕಿಸುತ್ತೇನೆ. ಹೆಲ್ಮೆಟ್ ಕಾನೂನಿನ ಪ್ರಕಾರ ಕಡ್ಡಾಯವಲ್ಲದಿದ್ದರೂ ಸ್ಕಾರ್ಫಿನ ಮೇಲೆ ಸರಿಯಾಗಿ ಕೂರುತ್ತದೆ.

ನಮ್ಮ ಜಿಲ್ಲೆಯ ರಸ್ತೆಗಳು ಒಂದೇ ತರಹದವಲ್ಲ. ಗಂಗಾವತಿಯಲ್ಲಿ ಆಪಾನ ಮನೆಯ ಹತ್ತಿರ ಕಾಲುವೆ ಪಕ್ಕದ ರಸ್ತೆ ಸಮತಟ್ಟು, ಎರಡೂ ಕಡೆ ಭತ್ತದ ಹಸಿರು, ಬ್ಯಾಟರಿ ತೀರುವುದೇ ಇಲ್ಲ. ಆದರೆ ಕೊಯ್ಲಿನ ಕಾಲದಲ್ಲಿ ಭತ್ತದ ಲಾರಿಗಳು ಸಾಲುಗಟ್ಟುತ್ತವೆ, ಆಗ ಸೈಕಲ್ಲಿನವರು ಇಳಿದು ನಿಲ್ಲುವುದೇ ಕ್ಷೇಮ. ಕುಷ್ಟಗಿ, ಯಲಬುರ್ಗಾ ಕಡೆ ಎರೆಮಣ್ಣು. ಮಳೆ ಬಂತೆಂದರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗದು, ಮೋಟಾರು ಇದ್ದರೂ ಅಷ್ಟೇ. ಡಾಂಬರು ರಸ್ತೆ ಸಿಗುವವರೆಗೆ ಇಳಿದು ನಡೆಯಬೇಕು. ಎಲ್ಲ ತಾಲೂಕಿಗೂ ಸಮಾನವಾಗಿ ಸಿಕ್ಕಿರುವುದೆಂದರೆ ಬಳ್ಳಾರಿ ಜಾಲಿಯ ಮುಳ್ಳು. ನನಗೆ ಮೊದಲ ತಿಂಗಳಲ್ಲೇ ಮೂರು ಪಂಕ್ಚರ್. ಪಂಕ್ಚರ್ ಅಂಗಡಿಯ ಚಾಚಾ ಹಿಂದಿನ ಚಕ್ರದ ವೈರು ನೋಡಿ ಕೈ ಹಚ್ಚಲಿಲ್ಲ. “ಕರೆಂಟಿನ ಕೆಲಸ ನನಗೆ ಬರಲ್ಲ ಬೇಟಿ” ಎಂದರು. ಚಕ್ರ ಬಿಚ್ಚುವುದೇ ಬೇಡ, ಟೈರಿನ ಒಂದು ಮಗ್ಗುಲು ಎಬ್ಬಿಸಿ ಟ್ಯೂಬನ್ನಷ್ಟೇ ಹೊರಗೆಳೆದು ಪ್ಯಾಚ್ ಹಚ್ಚಬಹುದು ಎಂದು ತೋರಿಸಿಕೊಟ್ಟೆ. ಈಗ ಅವರೇ ಬ್ಯಾಟರಿ ಸೈಕಲ್ಲಿನ ತಜ್ಞರು.

ಆಷಾಢದ ಗಾಳಿಯ ಬಗ್ಗೆ ಹೇಳದಿದ್ದರೆ ಲೇಖನ ಅಪೂರ್ಣ. ಯಲಬುರ್ಗಾ, ಕುಕನೂರು ಕಡೆಯ ದೊಡ್ಡ ದೊಡ್ಡ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಅದು. ಸಾದಾ ಸೈಕಲ್ಲಿನವರು ಆ ಗಾಳಿಗೆ ಎದುರಾಗಿ ತುಳಿಯುವುದೆಂದರೆ ನಿಂತಲ್ಲೇ ತುಳಿದ ಹಾಗೆ. ಇದರಲ್ಲಿ ಮೋಟಾರನ್ನು ಒಂದು ಹಂತ ಏರಿಸಿಕೊಂಡರೆ ಮುಗಿಯಿತು, ಮುಖಕ್ಕೆ ಗಾಳಿ ಬಡಿಯುತ್ತಿದ್ದರೂ ಗಾಡಿ ಸಾಗುತ್ತದೆ. ಸದ್ದಿಲ್ಲದ ವಾಹನವಾದ್ದರಿಂದ ದಾರಿಯ ಮಾತೆಲ್ಲ ಕಿವಿಗೆ ಬೀಳುತ್ತವೆ. ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸಕ್ಕೆ ಕುಳಿತ ಹೆಂಗಸರು ಕೂಗಿ ಸಲಾಂ ಹೇಳುತ್ತಾರೆ. ಮೆಂತ್ಯ ಸೊಪ್ಪು ಚೆನ್ನಾಗಿ ಕಂಡರೆ ನಿಲ್ಲಿಸುತ್ತೇನೆ. ಯಾರ ಅಪ್ಪಣೆಯೂ ಬೇಕಾಗಿಲ್ಲ. ಮೊನ್ನೆ ಸುಮ್ಮನೆ, ಏನೂ ಕೆಲಸವಿಲ್ಲದೆ, ಅಸರ್ ನಂತರ ಒಂದು ಸುತ್ತು ಹೋಗಿ ಬಂದೆ. ಮದುವೆಯಾದ ಮೇಲೆ ಕೆಲಸವಿಲ್ಲದೆ ಮನೆಯಿಂದ ಹೊರಗೆ ಹೋದದ್ದು ನನಗೆ ನೆನಪಿಲ್ಲ.

ಜನ ಏನಂತಾರೆ ಎಂಬ ಪ್ರಶ್ನೆ ಬಂದೇ ಬಂತು. ನಮ್ಮ ಅತ್ತೆ, “ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ ಸೈಕಲ್ಲೇ ಬೇಟಿ?” ಎಂದಿದ್ದರು. ಪ್ರವಾದಿಯವರ (ಸ) ಕಾಲದ ಸ್ತ್ರೀಯರು ಒಂಟೆಯ ಮೇಲೆ ಮರುಭೂಮಿ ದಾಟಿದವರು, ಇದು ನಾಲ್ಕು ಕಿಲೋಮೀಟರ್ ಅತ್ತೆ ಎಂದೆ. ಅವರು ನಕ್ಕರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಈಗ ತಮ್ಮ ಬಿ.ಪಿ. ಮಾತ್ರೆ ತರಲು ನನ್ನನ್ನೇ ಕಳಿಸುತ್ತಾರೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಮಹಿಳೆಯರಿಗೆ ಸೈಕಲ್ಲನ್ನೂ ಕಲಿಸಿದ್ದರು. ಕಲಿತವರು ಒಂದು ಲಕ್ಷಕ್ಕೂ ಹೆಚ್ಚು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಅವರಲ್ಲಿ ಮುಸ್ಲಿಮ್ ಸಹೋದರಿಯರೂ ಇದ್ದರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಹತ್ತಿದರಂತೆ. ಜಪಾನಿನಲ್ಲಿ ಯಮಹಾ ಕಂಪೆನಿ 1993ರಲ್ಲೇ ಮೋಟಾರು ನೆರವಿನ ಸೈಕಲ್ ತಂದಿತು. ಇಂದು ಅಲ್ಲಿಯ ತಾಯಂದಿರು ಮುಂದೊಂದು ಹಿಂದೊಂದು ಮಗು ಕೂರಿಸಿಕೊಂಡು ಅದರಲ್ಲೇ ಬಾಲವಾಡಿಗೆ ಹೋಗುತ್ತಾರೆ.

ಹೊರಗಿನ ಉದಾಹರಣೆ ಹೇಳುವುದು ಸುಲಭ. ನನ್ನ ತವರಿನದ್ದೇ ಇನ್ನೂ ಬಗೆಹರಿದಿಲ್ಲ. ಅಣ್ಣನ ಊರು ಯಲಬುರ್ಗಾ ತಾಲೂಕಿನಲ್ಲಿ, ಬಸ್ ನಿಲ್ಲುವ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಅವನ ಕಿರಿಯ ಮಗಳು ಪಿ.ಯು.ಸಿ. ಮೊದಲ ವರ್ಷ. ಹೋಗುವಾಗ ಯಾರಾದರೂ ಬಿಡುತ್ತಾರೆ, ಬರುವಾಗ ಸಂಜೆ ಒಬ್ಬಳೇ ನಡೆಯಬೇಕು. ಎರಡನೆಯ ವರ್ಷಕ್ಕೆ ಕಳಿಸುವುದು ಬೇಡ ಎಂಬ ಮಾತು ಮನೆಯಲ್ಲಿ ಶುರುವಾಗಿದೆ. ಬಸ್ಸು ಉಚಿತ, ಕಾಲೇಜಿನಲ್ಲಿ ಸೀಟಿದೆ, ಹುಡುಗಿ ಓದುತ್ತಾಳೆ. ನಡುವೆ ಇರುವುದು ಆ ಮೂರು ಕಿಲೋಮೀಟರ್ ಮಾತ್ರ.

ಮನೆಯ ಹಿಂದೆ ಒಂದು ಹಳೆಯ ಸೈಕಲ್ ಇದೆ. ಹಿರಿಯವಳಿಗೆ 2017ರಲ್ಲಿ ಎಂಟನೇ ತರಗತಿಯಲ್ಲಿ ಸರಕಾರ ಕೊಟ್ಟದ್ದು. 2006-07ರಲ್ಲಿ ಆರಂಭವಾದ ಆ ಯೋಜನೆ ಕೊರೋನಾ ಕಾಲದಲ್ಲಿ ನಿಂತಿತು, ಕಿರಿಯವಳಿಗೆ ಸಿಗಲಿಲ್ಲ. ಹಳೆಯ ಸೈಕಲ್ಲಿಗೆ ಹೊಸದಾಗಿ ಮೋಟಾರು ಇರುವ ಚಕ್ರ, ಬ್ಯಾಟರಿ ಕೂರಿಸುವ ಕಿಟ್ ಸಿಗುತ್ತದೆ. ಹೊಸ ಸೈಕಲ್ಲಿಗಿಂತ ಕಡಿಮೆಯಲ್ಲಿ ಆಗುತ್ತದೆ, ಆದರೆ ಬ್ರೇಕನ್ನು ಮೊದಲು ಹೊಸದಾಗಿ ಹಾಕಿಸಬೇಕು. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಣ್ಣ ಹೂಂ ಎನ್ನುತ್ತಾನೆ, ಮುಂದಕ್ಕೆ ಹೋಗುವುದಿಲ್ಲ.

ದಸರಾ ರಜೆಯಲ್ಲಿ ನನ್ನ ಸೈಕಲ್ಲನ್ನೇ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಊರಿಗೆ ಹೋದೆ. ಹುಡುಗಿ ಹತ್ತಿದಳು. “ಫುಪ್ಪು, ಬಿಡಬೇಡಿ, ಬಿಡಬೇಡಿ” ಎನ್ನುತ್ತಲೇ ಬೀದಿಯ ಕೊನೆ ಮುಟ್ಟಿದಳು. ನಾನು ಎಂದೋ ಬಿಟ್ಟಿದ್ದೆ. ಅಲ್ಲಿಂದ ರಸ್ತೆಯವರೆಗೆ ಹೋಗಿ ಬಂದಳು, ಹೋಗಿ ಬರಲು ಹದಿನೆಂಟು ನಿಮಿಷ. ಅಣ್ಣ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಆಗಲೂ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತಾ ನನ್ನ ಕಡೆ ನೋಡದೆ ಕೇಳಿದ: “ಆ ಕಿಟ್ಟು ಹಳೇ ಸೈಕಲ್ಲಿಗೆ ಕೂರುತ್ತೆ ಅಂದೆಯಲ್ಲ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಬರುತ್ತೆ?”